ಬಟ್ಟೆ ಸೀಟಿನ ಹಟಮಾರಿ ಕಲೆಗೆ ಕಾರ್ಚರ್ ಪುಟ್ಜಿ 10/1: ಮಲೆನಾಡಿನ ಗಾಡಿಗೆ ಎಷ್ಟು ಉಪಯೋಗ?

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಓಡುವ ಗಾಡಿಯ ಬಟ್ಟೆ ಸೀಟಿಗೆ ಬೀಳದ ಕಲೆಯಿಲ್ಲ. ಕೆಂಪು ಮಣ್ಣು, ಬೆಲ್ಲದ ಕಾಫಿ, ತಿರುವಿನ ರಸ್ತೆ ತಾಳದೆ ಮಕ್ಕಳು ಮಾಡಿದ ವಾಂತಿ, ಇಂಬಳ (ಜಿಗಣೆ) ಕಚ್ಚಿದ ಕಾಲಿನ ರಕ್ತ, ಎಲೆಅಡಿಕೆ ರಸ, ಪೂಜೆಯ ಅರಿಸಿನ ಎಲ್ಲವೂ ಬೀಳುತ್ತವೆ. ನಸು ಬಣ್ಣದ ಸೀಟಾದರೆ ಕೇಳುವುದೇ ಬೇಡ. ಚಿಕ್ಕಮಗಳೂರಿನ ವಾಷಿಂಗ್ ಸೆಂಟರುಗಳಲ್ಲಿ ಸೀಟು ತೊಳೆಸುವವರು, ಸ್ವಂತಕ್ಕೆ ಯಂತ್ರ ಕೊಳ್ಳಬೇಕೆಂದಿರುವ ಟ್ಯಾಕ್ಸಿ ಮಾಲೀಕರು ಇಬ್ಬರಿಗೂ ಒಂದು ಮಾತು ಮೊದಲೇ ಹೇಳಬೇಕು: ಪುಟ್ಜಿ ಎಂದರೆ ಕಾರ್ಚರ್ ಕಂಪನಿಯ, ಬಟ್ಟೆಗೆ ನೀರು ಸಿಂಪಡಿಸಿ ಹೀರುವ ಯಂತ್ರ; ಅದರ ಬೆಲೆ ಇರುವುದು ನೀರು ಹಾಕುವುದರಲ್ಲಲ್ಲ, ಹಾಕಿದ ನೀರನ್ನು ವಾಪಸ್ ಎಳೆಯುವುದರಲ್ಲಿ.

ಶುದ್ಧ ನೀರಿಗೆ 10 ಲೀಟರ್, ಕೊಳೆನೀರಿಗೆ 9 ಲೀಟರ್ ಟ್ಯಾಂಕ್. ಪಂಪು 1 ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 1 ಲೀಟರ್ ಸಿಂಪಡಿಸುತ್ತದೆ. 1250 ವ್ಯಾಟ್ ಮೋಟಾರು ಅದನ್ನೇ ಕೊಳೆ ಸಮೇತ ಹೀರಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಫೋಮ್ ಕ್ಯಾನ್ ಕೊಳೆಯನ್ನು ಎಬ್ಬಿಸುತ್ತದೆ, ಹೊರಗೆ ಹಾಕುವುದಿಲ್ಲ. ಆ ಕೆಲಸ ಒರೆಸುವ ಬಟ್ಟೆಯದು. ಬಟ್ಟೆ ಎಷ್ಟೇ ಒಳ್ಳೆಯದಿದ್ದರೂ ಸ್ಪಂಜಿನೊಳಗೆ ಇಳಿದದ್ದನ್ನು ಮೇಲೆ ತರಲಾರದು. ಇಂದು ಬಿದ್ದ ಸಣ್ಣ ಕಲೆಗೆ ಫೋಮ್ ಸಾಕು, ವರ್ಷದ ಕಲೆಗೆ ಸಾಲದು.

ಯಂತ್ರ ಮುಟ್ಟುವ ಮುಂಚೆ ಒಣ ಕೆಲಸ ಮುಗಿಯಬೇಕು. ಕೆಂಪು ಮಣ್ಣು ಹಸಿಯಿದ್ದಾಗ ಉಜ್ಜಿದರೆ ಜೇಡಿಯ ಸಣ್ಣ ಕಣ ನೂಲಿನೊಳಗೆ ಹೋಗಿ ಕೂರುತ್ತದೆ. ಪೂರ್ತಿ ಒಣಗಲು ಬಿಡಿ, ಮೆತ್ತನೆ ಬ್ರಷ್‌ನಲ್ಲಿ ಉದುರಿಸಿ, ಸಾಧಾರಣ ವ್ಯಾಕ್ಯೂಮ್‌ನಲ್ಲಿ ಎಳೆಯಿರಿ. ಅಷ್ಟರಲ್ಲೇ ಬಹುಪಾಲು ಹೋಗುತ್ತದೆ. ಆಮೇಲೆ 1 ಲೀಟರ್ ನೀರಿಗೆ 10 ಎಂಎಲ್ ಪಿಎಚ್ ನ್ಯೂಟ್ರಲ್ (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ) ಶಾಂಪೂ ಬೆರೆಸಿ, ಸೀಟಿನ ಮೇಲೆ ತೇವ ಕಾಣುವಷ್ಟೇ ಸಿಂಪಡಿಸಿ, ಐದು ನಿಮಿಷ ಬಿಟ್ಟು ಬ್ರಷ್ ಆಡಿಸಿ. ಪುಟ್ಜಿಯ ಟ್ಯಾಂಕಿಗೆ ಬರೀ ನೀರು ಹಾಕಿದರೆ ಸಾಕು. ಬಟ್ಟೆ ಒಗೆಯುವ ಪುಡಿ ಹಾಕುವವರಿದ್ದಾರೆ, ಅದು ತಪ್ಪು. ಅದರ ನೊರೆ ಕೊಳೆನೀರಿನ ಟ್ಯಾಂಕಿನಲ್ಲಿ ಉಕ್ಕಿ ಮೋಟಾರಿಗೆ ಏರುತ್ತದೆ. ಸೀಟಿನಲ್ಲಿ ಉಳಿದ ಸೋಪು ಅಂಟಾಗಿ ತಿಂಗಳೊಳಗೆ ಹೊಸ ಧೂಳನ್ನು ಹಿಡಿದುಕೊಳ್ಳುತ್ತದೆ.

ನಳಿಕೆಯನ್ನು ಸೀಟಿಗೆ ಒತ್ತಿ, ಟ್ರಿಗರ್ ಹಿಡಿದು ನಿಧಾನಕ್ಕೆ ನಿಮ್ಮ ಕಡೆಗೇ ಎಳೆಯಿರಿ. ಮುಂದಕ್ಕೆ ತಳ್ಳಬೇಡಿ. ಒಂದು ಸಲ ನೀರಿನೊಂದಿಗೆ ಎಳೆದರೆ, ಅದೇ ಜಾಗದಲ್ಲಿ ಟ್ರಿಗರ್ ಬಿಟ್ಟು ಮೂರು ಸಲ ಬರೀ ಗಾಳಿಯಲ್ಲಿ ಎಳೆಯಬೇಕು. ಈ ಮೂರು ಎಳೆತಕ್ಕೆ ಬೇಸರಪಟ್ಟವರ ಸೀಟೇ ವಾಸನೆ ಹೊಡೆಯುವುದು. ಒಂದು ಸೀಟಿಗೆ ಒಂದು ಲೀಟರಿಗಿಂತ ಹೆಚ್ಚು ನೀರು ಇಳಿಸಬಾರದು. ಸೀಟಿನ ಕೆಳಗೆ ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಇರುತ್ತದೆ, ಎಷ್ಟೋ ಗಾಡಿಗಳ ಮುಂದಿನ ಸೀಟಿನ ಸ್ಪಂಜಿನೊಳಗೆ ಆಳು ಕೂತಿದ್ದಾರೋ ಇಲ್ಲವೋ ಎಂದು ತಿಳಿಯುವ ಸೆನ್ಸರೂ ಇರುತ್ತದೆ. ಪ್ರೆಶರ್ ವಾಷರ್‌ನಲ್ಲಿ ಸೀಟು ತೊಳೆಯುವ ಕಡೆ ಗಾಡಿ ಬಿಡಲೇಬೇಡಿ.

ಆದರೆ ಯಂತ್ರಕ್ಕೆ ಕಲೆಯ ಜಾತಿ ಗೊತ್ತಿಲ್ಲ, ಅದನ್ನು ನೋಡಬೇಕಾದವರು ನಾವು. ಕಾಫಿಯ ಕಂದು ಬಣ್ಣ ಆಮ್ಲಕ್ಕೆ ಜಗ್ಗುತ್ತದೆ: ಒಂದು ಪಾಲು ಬಿಳಿ ವಿನೆಗರ್, ಎರಡು ಪಾಲು ನೀರು, ಹತ್ತು ನಿಮಿಷ. ಹಾಲು ಹಾಕಿದ ಕಾಫಿಯಾದರೆ ಮೊದಲು ಶಾಂಪೂವಿನಲ್ಲಿ ಕೊಬ್ಬು ತೆಗೆದು, ಆಮೇಲೆ ವಿನೆಗರ್. ಬೆಲ್ಲದ ಕಾಫಿ ಚೆಲ್ಲಿದ್ದರೆ ಬಣ್ಣ ಹೋದರೂ ಜಿಗುಟು ಉಳಿಯುತ್ತದೆ. ಬೆಚ್ಚಗಿನ ನೀರಲ್ಲಿ ಇನ್ನೊಂದು ಸುತ್ತು ಎಳೆಯದಿದ್ದರೆ ಅದೇ ಜಾಗ ಮತ್ತೆ ಕಪ್ಪಾಗುತ್ತದೆ.

ಇಂಬಳದ ಎಂಜಲು ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ, ಹಾಗಾಗಿ ಸಣ್ಣ ಗಾಯದಿಂದಲೂ ಸೀಟಿನ ಮೇಲೆ ದೊಡ್ಡ ಕಲೆ. ಇದಕ್ಕೆ ತಣ್ಣೀರೇ ಆಗಬೇಕು. ಬಿಸಿನೀರು ತಾಗಿದರೆ ರಕ್ತದ ಪ್ರೋಟೀನ್ ಬೆಂದು ನೂಲಿಗೆ ಕಚ್ಚಿಕೊಳ್ಳುತ್ತದೆ. ಒಣಗಿದ ರಕ್ತಕ್ಕೆ ಮೆಡಿಕಲ್ ಶಾಪಿನ 6% ಹೈಡ್ರೋಜನ್ ಪೆರಾಕ್ಸೈಡ್‌ಗೆ ಸಮಪಾಲು ನೀರು ಬೆರೆಸಿ ಹನಿಸಿ, ಬುಸುಗುಟ್ಟುವುದು ನಿಂತ ಮೇಲೆ ಎಳೆಯಿರಿ. ಬಣ್ಣ ಬಿಡುತ್ತದೋ ಎಂದು ಸೀಟಿನ ಹಿಂಬದಿ ಮೂಲೆಯಲ್ಲಿ ಪರೀಕ್ಷಿಸಿಯೇ ಹಾಕಬೇಕು. ವಾಂತಿಗೆ, ಹಾಲಿಗೆ ಎನ್‌ಜೈಮ್ ಇರುವ ಕ್ಲೀನರ್ ಬೇಕು; ಅದಕ್ಕೆ ಕೆಲಸ ಮಾಡಲು ಕನಿಷ್ಠ ಅರ್ಧ ಗಂಟೆ ಕೊಡಿ. ಸುಗಂಧ ಹೊಡೆದು ಮುಚ್ಚಿದ ವಾಸನೆ ಬಿಸಿಲು ಬಂದ ದಿನ ಮತ್ತೆ ಏಳುತ್ತದೆ.

ಅರಿಸಿನದ ಮೇಲೆ ಸೋಪು ಬಿದ್ದರೆ ಹಳದಿ ಹೋಗಿ ಕೆಂಪಾಗುತ್ತದೆ, ಕ್ಷಾರಕ್ಕೆ ಅದರ ಗುಣವೇ ಹಾಗೆ. ಗಾಬರಿಪಟ್ಟು ಇನ್ನಷ್ಟು ಸೋಪು ಹಾಕಬೇಡಿ. ವಿನೆಗರ್ ನೀರು ಹಾಕಿ ಎಳೆದು, ಉಳಿದದ್ದನ್ನು ಬಿಸಿಲಿಗೆ ಬಿಡಿ. ಅರಿಸಿನದ ಬಣ್ಣ ಬೆಳಕಿಗೆ ತಾಳುವುದಿಲ್ಲ, ಕೆಲವು ದಿನಗಳಲ್ಲಿ ತಾನೇ ಮಾಸುತ್ತದೆ. ಎಲೆಅಡಿಕೆಯ ಹಳೆಯ ಕಲೆ ಮಾತ್ರ ಪೂರ್ತಿ ಹೋಗುತ್ತದೆಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ತಿಳಿಯಾಗುತ್ತದೆ, ಅಷ್ಟೇ.

ತೊಳೆಸಿ ತಂದ ಎರಡನೇ ದಿನ ಅದೇ ಜಾಗದಲ್ಲಿ ಕಂದು ಉಂಗುರ ಮೂಡಿತು ಎಂಬ ದೂರು ಬಹಳ ಸಾಮಾನ್ಯ. ಕಲೆ ಹೊಸದಲ್ಲ. ಬತ್ತಿ ಎಣ್ಣೆ ಹೀರುವ ಹಾಗೆ, ಒಣಗುತ್ತಿರುವ ಬಟ್ಟೆ ಸ್ಪಂಜಿನ ಆಳದ ಕೊಳೆನೀರನ್ನು ಮೇಲಕ್ಕೆ ಎಳೆದುಕೊಂಡಿರುತ್ತದೆ. ಆ ಜಾಗಕ್ಕೆ ಮತ್ತೊಮ್ಮೆ ಬರೀ ನೀರು ಕೊಟ್ಟು ಎಳೆದು, ಬಿಳಿ ಟವೆಲ್ ಮಡಿಸಿ ಹಾಸಿ, ಮೇಲೆ ಭಾರ ಇಟ್ಟು ರಾತ್ರಿಯಿಡೀ ಬಿಡಿ. ಉಂಗುರ ಟವೆಲ್ಲಿಗೆ ಇಳಿಯುತ್ತದೆ.

ಮಳೆಗಾಲದಲ್ಲಿ ಈ ಊರಲ್ಲಿ ಸೀಟು ತೊಳೆಯುವುದಕ್ಕಿಂತ ಒಣಗಿಸುವುದೇ ಕಷ್ಟ. ಕೊಟ್ಟಿಗೆಹಾರ, ಕಳಸ, ಶೃಂಗೇರಿ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ತಿ ಸೀಟು ತೊಳೆಸದೆ, ಕಲೆಯಿದ್ದಲ್ಲಿ ಮಾತ್ರ ಮಾಡಿಸುವುದು ಒಳ್ಳೆಯದು. ತೊಳೆದ ಮೇಲೆ ಇಂಜಿನ್ ಚಾಲೂ ಇಟ್ಟು ಎಸಿ ಹಾಕಿ. ಗಾಳಿಯ ತೇವ ಎಸಿಯಲ್ಲಿ ಕಟ್ಟಿ ಹೊರಗೆ ಹನಿಯುತ್ತದೆ. ಶೆಡ್ಡಿನಲ್ಲಾದರೆ ಬಾಗಿಲು ತೆರೆದು ಫ್ಯಾನ್ ಹಚ್ಚಿ. ತೇವದಲ್ಲೇ ಗ್ಲಾಸ್ ಏರಿಸಿ ನಿಲ್ಲಿಸಿದ ಗಾಡಿಗೆ ಬೂಸ್ಟು ಖಾತ್ರಿ. ತೊಳೆದ ಒಂದು ಗಂಟೆಗೆ ಗಾಡಿ ಕೈಗೆ ಕೊಡುವ ಸೆಂಟರಿನವರನ್ನು, ಒಣಗಿಸಲು ಏನು ಮಾಡುತ್ತೀರಿ ಎಂದು ಕೇಳಿಯೇ ಗಾಡಿ ಬಿಡಿ.

ಯಂತ್ರದ ಕೊರತೆಯನ್ನೂ ಹೇಳಬೇಕು. ಸೀಟಿನ ಹೊಲಿಗೆಯ ಸಂದಿಗೆ, ಸೀಟು ಹಿಂದೆಮುಂದೆ ಜಾರುವ ಕಂಬಿಯ ಪಕ್ಕಕ್ಕೆ ನಳಿಕೆ ಸರಿಯಾಗಿ ಕೂರುವುದಿಲ್ಲ. ಅಲ್ಲಿ ಬ್ರಷ್ ಮತ್ತು ಟವೆಲ್ಲೇ ಗತಿ. ಮೇಲ್ಛಾವಣಿಯ ಬಟ್ಟೆಗೆ ಇದನ್ನು ಬಳಸಬಾರದು, ಅಂಟು ಬಿಟ್ಟು ಜೋತುಬೀಳುತ್ತದೆ. ತೆಳು ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಬಿಸಿಯಾಗುತ್ತದೆ, 1.5 ಚದರ ಮಿಮೀ ವೈರಿನದು ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಶುದ್ಧ ನೀರು ಹಾಯಿಸಿ, ಕೊಳೆನೀರು ಚೆಲ್ಲಿ, ಟ್ಯಾಂಕು ತೆರೆದಿಡದಿದ್ದರೆ ಮರುದಿನವೇ ನಾರುತ್ತದೆ.

ಮನೆಯಲ್ಲಿ ಒಂದೇ ಕಾರಿರುವವರು ಇದನ್ನು ಕೊಳ್ಳುವುದು ದುಡ್ಡಿಗೆ ದಂಡ; ವರ್ಷಕ್ಕೊಮ್ಮೆ, ಬಿಸಿಲು ಗಟ್ಟಿಯಾದ ಫೆಬ್ರವರಿ ಹೊತ್ತಿಗೆ, ಇಂಥ ಯಂತ್ರವಿರುವ ಕಡೆ ತೊಳೆಸಿದರೆ ಸಾಕು. ನಾಲ್ಕೈದು ಗಾಡಿ ಓಡಿಸುವವರು, ಸೋಫಾ ಹಾಸಿಗೆಗಳಿರುವ ಹೋಂಸ್ಟೇಯವರು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು.