ಕೇದಾರಕಂಠದ ಚಳಿಗೆ ಯಾವ ಲೈನರ್?

ಬಾಡಿಗೆ ಸ್ಲೀಪಿಂಗ್ ಬ್ಯಾಗಿನ ಜಿಪ್ ಎಳೆದ ಕೂಡಲೇ ಯಾರದೋ ತಲೆಯ ಕೊಬ್ಬರಿ ಎಣ್ಣೆ ವಾಸನೆ ಮೂಗಿಗೆ ಹೊಡೆಯಿತು. ಉತ್ತರಾಖಂಡದ ಕೇದಾರಕಂಠಕ್ಕೆ ಹತ್ತುವ ದಾರಿ, ಜೂಡಾ ಕಾ ತಾಲಾಬ್ ಹತ್ತಿರದ ಟೆಂಟು, ಡಿಸೆಂಬರ್ ರಾತ್ರಿ. ಹೊರಗಿಟ್ಟ ಬಾಟಲಿಯ ನೀರು ಗಟ್ಟಿಯಾಗುತ್ತಿತ್ತು. ಆ ಚೀಲದಲ್ಲಿ ನನಗಿಂತ ಮುಂಚೆ ಎಷ್ಟು ಜನ ಮಲಗಿ ಎದ್ದಿದ್ದರೋ! ಅಷ್ಟು ದಪ್ಪದ್ದನ್ನು ಒಗೆದು ಆ ಚಳಿಯಲ್ಲಿ ಒಣಗಿಸುವುದಾದರೂ ಎಲ್ಲಿ, ಅಲ್ವಾ? ನನ್ನ ಮಟ್ಟಿಗೆ ಲೈನರ್, ಅಂದರೆ ಸ್ಲೀಪಿಂಗ್ ಬ್ಯಾಗಿನೊಳಗೆ ಹಾಕಿಕೊಂಡು ಮಲಗುವ ಬಟ್ಟೆ ಚೀಲ, ಬೇಕಾಗುವುದು ಮೊದಲು ಇದಕ್ಕೆ. ಬೆಚ್ಚಗಿರುವುದು ಆಮೇಲಿನ ಮಾತು.

ಆ ಸಲ ನನ್ನ ಹತ್ತಿರ ಇದ್ದದ್ದು ಅಮ್ಮ ಹೊಲಿದುಕೊಟ್ಟ ಹತ್ತಿ ಲೈನರ್. ಹಳೇ ಡಬಲ್ ಬೆಡ್‌ಶೀಟ್ ಮಡಚಿ ಎರಡು ಕಡೆ ಹೊಲಿಗೆ ಹಾಕಿದ್ದು, ಅಷ್ಟೇ. ಕುದುರೆಮುಖಕ್ಕೆ ಹೋದಾಗ ಮುಳ್ಳೋಡಿಯ ಹೋಮ್‌ಸ್ಟೇಯಲ್ಲಿ ಅದು ಚೆನ್ನಾಗಿಯೇ ಕೆಲಸಕ್ಕೆ ಬಂದಿತ್ತು. ಹಿಮದಲ್ಲಿ ಕೈಕೊಟ್ಟಿತು. ಹತ್ತಿ ಬೆವರನ್ನು ಕುಡಿದು ಹಾಗೇ ಇಟ್ಟುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ತಣ್ಣಗೆ ತೊಡೆಗೆ ಅಂಟಿಕೊಂಡಿತು. ಮಗ್ಗುಲು ಬದಲಿಸಿದಾಗಲೆಲ್ಲ ಕಾಲಿಗೆ ಸುತ್ತಿಕೊಂಡು, ಬೆಳಗಿನ ಹೊತ್ತಿಗೆ ನಾನು ಹಿಂಡಿಟ್ಟ ಸೀರೆ ಹಾಗಾಗಿದ್ದೆ.

ವಾಪಸ್ ಬಂದವಳೇ ರೇಷ್ಮೆಯದ್ದು ತಗೊಂಡೆ. ಮೂರು ಸಾವಿರದ ಹತ್ತಿರ ಆಯಿತು. ತೂಕ ನೂರೈವತ್ತು ಗ್ರಾಂ ಒಳಗೆ, ಮಡಚಿದರೆ ಕಿತ್ತಳೆ ಹಣ್ಣಿನಷ್ಟು. ಒಳಗೆ ಕಾಲಿಟ್ಟಾಗ ಒಂದು ಕ್ಷಣ ತಣ್ಣಗೆ ಅನ್ನಿಸುತ್ತದೆ, ಆಮೇಲೆ ಮೈಬಿಸಿಗೆ ಹೊಂದಿಕೊಳ್ಳುತ್ತದೆ. ಚಳಿಗೆ ಹಾಕುವ ಥರ್ಮಲ್ ಒಳಉಡುಪಿನಲ್ಲಿ ಹೊರಳಿದರೂ ಜಾರುತ್ತದೆ, ಸಿಕ್ಕಿಕೊಳ್ಳುವುದಿಲ್ಲ. ನನಗೆ ಇಷ್ಟವಾಗಿದ್ದೇ ಇದು. ಇಷ್ಟವಾಗದ್ದು ಉದ್ದ. ನಾನು ಐದು ಅಡಿ ಒಂದಿಂಚು. ಮಿಕ್ಕ ಬಟ್ಟೆಯೆಲ್ಲ ಪಾದದ ಕೆಳಗೆ ಗಂಟುಕಟ್ಟುತ್ತದೆ. ಎರಡನೇ ಚಾರಣದಲ್ಲೇ ಆ ಗಂಟನ್ನು ಒದ್ದು ಒದ್ದು ಪಾದದ ಹತ್ತಿರ ನಾಲ್ಕು ಬೆರಳಗಲ ಹೊಲಿಗೆ ಬಿಟ್ಟಿತು. ಕೊಳ್ಳುವಾಗ ಹೊಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಇನ್ನು ಫ್ಲೀಸ್, ಉಣ್ಣೆಯ ಹಾಗೆ ಮೆತ್ತಗಿರುವ ಸಿಂಥೆಟಿಕ್ ಬಟ್ಟೆಯದ್ದು. ನನ್ನ ತಮ್ಮನದ್ದು, ಒಂದು ರಾತ್ರಿಗೆ ಸಾಲ ಪಡೆದೆ. ನಿಜವಾಗಿಯೂ ಬೆಚ್ಚಗಿತ್ತು. ಪಕ್ಕದಲ್ಲಿ ಜಿಪ್ ಇರುವುದರಿಂದ ರಾತ್ರಿ ಮೂರು ಗಂಟೆಗೆ ಹೊರಗೆ ಹೋಗಬೇಕಾದಾಗ ಒದ್ದಾಡಬೇಕಿಲ್ಲ. (ಹೋಗಲೇಬೇಕಾಗುತ್ತದೆ, ಚಳಿಗೆ.) ಆದರೆ ಥರ್ಮಲ್ ಪ್ಯಾಂಟಿಗೆ ಕಚ್ಚಿಕೊಳ್ಳುತ್ತದೆ, ಹೊರಳುವುದು ಕಷ್ಟ. ಒಣ ಚಳಿಯಲ್ಲಿ ತಲೆ ಮೇಲಿಂದ ಎಳೆದಾಗ ಕತ್ತಲಲ್ಲಿ ಚಟಪಟ ಅಂತ ನೀಲಿ ಕಿಡಿ ಹಾರಿದವು! ಇನ್ನೊಂದು ವಿಷಯ: ಬ್ಯಾಗ್ ಬಿಗಿಯಾಗಿದ್ದರೆ ದಪ್ಪ ಲೈನರ್ ಒಳಗಿಂದ ಬ್ಯಾಗಿನಲ್ಲಿ ತುಂಬಿದ್ದನ್ನೇ ಅದುಮುತ್ತದೆ. ಹಾಗೆ ಅದುಮಿದರೆ ಅದರಲ್ಲಿ ಗಾಳಿ ನಿಲ್ಲುವುದಿಲ್ಲ, ಶಾಖವೂ ನಿಲ್ಲುವುದಿಲ್ಲ. ಬೆನ್ನುಚೀಲದಲ್ಲಂತೂ ಅದು ಒಂದು ಪರಂಗಿಹಣ್ಣಿನಷ್ಟು ಜಾಗ ತಿನ್ನುತ್ತದೆ.

ಲೈನರ್ ಪೊಟ್ಟಣದ ಮೇಲೆ ಇಷ್ಟು ಡಿಗ್ರಿ ಬೆಚ್ಚಗೆ ಅಂತ ಬರೆದಿರುತ್ತದಲ್ಲ, ನಾನು ಅರ್ಧ ನಂಬುತ್ತೇನೆ. ಅದಕ್ಕಿಂತ ಮುಖ್ಯ ಬ್ಯಾಗಿನ ಲೇಬಲ್. ಅದರಲ್ಲಿ ಕಂಫರ್ಟ್ (ಆರಾಮಾಗಿ ಮಲಗಬಹುದಾದ ಚಳಿ), ಲಿಮಿಟ್ (ಮುದುಡಿಕೊಂಡು ತಡೆಯಬಹುದಾದ ಚಳಿ) ಅಂತ ಎರಡು ಡಿಗ್ರಿ ಅಂಕಿ ಇರುತ್ತವೆ. ಕಂಫರ್ಟ್ ಲೆಕ್ಕ ಹಾಕುವುದು ಸಾಧಾರಣ ಹೆಂಗಸಿನ ಮೈಗೆ, ಲಿಮಿಟ್ ಗಂಡಸಿನ ಮೈಗೆ. ನನ್ನ ಹಾಗೆ ಬೇಗ ಚಳಿ ಹತ್ತುವವರು ಕಂಫರ್ಟ್ ಮಾತ್ರ ನೋಡಿ. ಕೆಳಗಿನ ಮ್ಯಾಟ್ ತೆಳುವಾಗಿದ್ದರೆ ಯಾವ ಲೈನರ್ ಹಾಕಿದರೂ ಬೆನ್ನು ಮರಗಟ್ಟುತ್ತದೆ.

ಹಿಮಾಲಯಕ್ಕೆ ನಾನು ರೇಷ್ಮೆಯದ್ದೇ ಒಯ್ಯುವುದು, ಜೊತೆಗೆ ಮಲಗಲು ಬೇರೆ ಒಣ ಸಾಕ್ಸ್, ಬಿಸಿನೀರಿನ ಬಾಟಲಿ. ಚಿಕ್ಕಮಗಳೂರಿನ ಕಡೆ ಕಾರಲ್ಲಿ ಹೋಗಿ ಟೆಂಟು ಹಾಕುವವರಿಗೆ ಫ್ಲೀಸ್ ಸಾಕು, ಸುಮ್ನೆ ರೇಷ್ಮೆಗೆ ದುಡ್ಡು ಹಾಕಬೇಡಿ.

ಹರಿದ ರೇಷ್ಮೆಯನ್ನು ಅಮ್ಮನ ಮುಂದಿಟ್ಟಾಗ, ಬೆಲೆ ಕೇಳಿ, "ಇದರಲ್ಲಿ ಒಂದು ಒಳ್ಳೇ ಸೀರೆ ಬರ್ತಿತ್ತಲ್ಲೇ" ಅಂದರು. ಆಮೇಲೆ ಕನ್ನಡಕ ಹಾಕಿಕೊಂಡು, ಸೀರೆಗೆ ಫಾಲ್ ಹಾಕುವ ಹಾಗೆ ಸಣ್ಣ ಕೈಹೊಲಿಗೆ ಹಾಕಿಕೊಟ್ಟರು. ಪಾದದ ಕಡೆ ಒಂದು ಗೇಣು ಒಳಕ್ಕೆ ಮಡಚಿದ್ದಾರೆ. ಈಗ ನನ್ನ ಎತ್ತರಕ್ಕೆ ಸರಿಯಾಗಿದೆ.