ವೊಕಾರೂ, ಆಡಿಯೋಮಾಸ್, ಆಡಾಸಿಟಿ: ನಮ್ಮ ರಾಯಚೂರು ಕಡೆಯ ಶಾಲೆಗಳಿಗೆ ಯಾವುದು ಆದೀತು?

ಮಕ್ಕಳ ವಾಚನ ರೆಕಾರ್ಡ್ ಮಾಡಲು, ಪದ್ಯ ಹಾಡಿ ವಾಟ್ಸಾಪ್ ಗುಂಪಿಗೆ ಹಾಕಲು ದುಡ್ಡು ಕೊಟ್ಟು ಆ್ಯಪ್ ಕೊಳ್ಳಬೇಕಾಗಿಲ್ಲ. ವೊಕಾರೂ ಬ್ರೌಸರಿನಲ್ಲೇ ರೆಕಾರ್ಡ್ ಮಾಡುವ ತಾಣ, ಆಡಿಯೋಮಾಸ್ ಬ್ರೌಸರಿನಲ್ಲೇ ಧ್ವನಿ ತಿದ್ದುವ ತಾಣ, ಆಡಾಸಿಟಿ ಕಂಪ್ಯೂಟರಿಗೆ ಹಾಕಿಕೊಳ್ಳುವ ಧ್ವನಿ ತಿದ್ದುವ ತಂತ್ರಾಂಶ. ಈ ಮೂರೂ ಉಚಿತ. ಆದರೆ ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೋದರೆ ತಲೆನೋವು. ಕನ್ನಡದ ಸ, ಶ, ಹ ಉಳಿಯಬೇಕೆಂದರೆ ಮೂರರಲ್ಲೂ ಗದ್ದಲ ತೆಗೆಯುವಾಗ ಕೈ ಬಿಗಿ ಹಿಡಿಯಬೇಕು.

ವಿದ್ಯಾರ್ಥಿಗಳಿಗೆ ವೊಕಾರೂ ಸಾಕು. ಖಾತೆ ಬೇಡ, ಪಾಸ್‌ವರ್ಡ್ ಬೇಡ. ಗುಂಡಿ ಒತ್ತಿ ಓದಿ, ನಿಲ್ಲಿಸಿ ಉಳಿಸಿದರೆ ಲಿಂಕ್ ಮತ್ತು ಕ್ಯೂಆರ್ ಕೋಡ್ ಸಿಗುತ್ತವೆ. ಕೋಡ್ ಪ್ರಿಂಟ್ ತೆಗೆದು ಕಿರಿಯ ತರಗತಿಗಳ ನಲಿ-ಕಲಿ ಕಾರ್ಡಿನ ಬೆನ್ನಿಗೆ ಅಂಟಿಸಿದರೆ ಮನೆಯಲ್ಲೂ ಕೇಳಬಹುದು. ಆದರೆ ಆ ಲಿಂಕ್ ಶಾಶ್ವತವಲ್ಲ. ಕೆಲವು ತಿಂಗಳಲ್ಲಿ ಕಡತ ಅಳಿದುಹೋಗಬಹುದು, ಹಾಗಾಗಿ ಉಳಿಸಿದ ಕೂಡಲೇ ಎಂಪಿ3 ಇಳಿಸಿಟ್ಟುಕೊಳ್ಳಿ.

ಇಲ್ಲಿ ಹೆಚ್ಚಾಗಿ ಕೈಕೊಡುವುದು ಮೈಕ್ ಅನುಮತಿ. ಮೊದಲ ಸಲ ಕೇಳಿದಾಗ ಹುಡುಗ ಗೊತ್ತಿಲ್ಲದೆ ‘ಬ್ಲಾಕ್’ ಒತ್ತಿದರೆ ಕ್ರೋಮ್ ಮತ್ತೆ ಕೇಳುವುದೇ ಇಲ್ಲ. ವಿಳಾಸದ ಎಡಕ್ಕಿರುವ ಚಿಹ್ನೆ ಒತ್ತಿ, ಅನುಮತಿಗಳಲ್ಲಿ ಮೈಕ್ ಆನ್ ಮಾಡಿ, ಪುಟವನ್ನು ರಿಫ್ರೆಶ್ ಮಾಡಬೇಕು. ನಡುವೆ ಕರೆ ಬಂದರೆ, ಪರದೆ ಆರಿದರೆ ರೆಕಾರ್ಡಿಂಗ್ ತುಂಡಾಗಬಹುದು. ಮೂರ್ನಾಲ್ಕು ನಿಮಿಷದ ತುಣುಕುಗಳಾಗಿ ಓದಿಸುವುದೇ ಕ್ಷೇಮ.

ಹಾಡಿಗೆ ಮಾತ್ರ ಬ್ರೌಸರ್ ರೆಕಾರ್ಡರ್ ನೆಚ್ಚಬೇಡಿ. ಬ್ರೌಸರ್‌ಗಳು ಸಾಮಾನ್ಯವಾಗಿ ಗದ್ದಲ ತಗ್ಗಿಸುವ ವ್ಯವಸ್ಥೆಯನ್ನು ತಾವೇ ಚಾಲೂ ಇಟ್ಟಿರುತ್ತವೆ. ಅದರ ಲೆಕ್ಕದಲ್ಲಿ ಏರಿಳಿತವಿಲ್ಲದೆ ಎಳೆಯುವ ಸದ್ದೆಲ್ಲ ಗದ್ದಲ. ತತ್ವಪದಕ್ಕೆ ಹಿಡಿದ ಏಕತಾರಿಯ ಶ್ರುತಿ, ಭಜನೆಯ ಹಾರ್ಮೋನಿಯಂ ಎರಡನ್ನೂ ಅದು ಫ್ಯಾನಿನ ಸದ್ದೆಂದು ತಿಳಿದು ಒತ್ತಿಹಾಕುತ್ತದೆ. ದನಿ ನಡುನಡುವೆ ಮುಳುಗಿ ಏಳುತ್ತದೆ. ಫೋನಿನ ಸ್ವಂತ ರೆಕಾರ್ಡರ್‌ನಲ್ಲಿ ಹಿಡಿದು, ಆಮೇಲೆ ಕಡತವನ್ನು ಅಪ್‌ಲೋಡ್ ಮಾಡಿ.

ನಿಜವಾದ ಫ್ಯಾನಿಗೆ ಬೇರೆ ಉಪಾಯ ಬೇಕು. ಮಾರ್ಚ್‌ನಲ್ಲಿ ರಾಯಚೂರು, ಸಿಂಧನೂರು ಕಡೆ ಫ್ಯಾನ್ ಆರಿಸಿ ಕೂರಿ ಎಂದರೆ ಯಾರು ಕೇಳುತ್ತಾರೆ? ಫ್ಯಾನಿನ ನೇರ ಕೆಳಗೆ ಕೂರದೆ ಗೋಡೆ ಬದಿಗೆ ಸರಿಯಿರಿ. ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಹಿಡಿಯಿರಿ. ಪ, ಬ, ಭ ಉಚ್ಚರಿಸುವಾಗಿನ ಉಸಿರು ಆಗ ಮೈಕಿಗೆ ನೇರ ಬಡಿಯುವುದಿಲ್ಲ. ಕಲ್ಲು ಹಾಸಿದ ಬರಿ ಕೋಣೆಯಲ್ಲಿ ದನಿ ಗುಯ್‌ಗುಟ್ಟುತ್ತದೆ, ಜಮಖಾನ ಹಾಸಿದರೆ ಎಷ್ಟೋ ವಾಸಿ.

ಉಳಿದ ಗದ್ದಲಕ್ಕೆ ಆಡಾಸಿಟಿ. ಇದು ಆನ್‌ಲೈನ್ ಅಲ್ಲ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ರೆಕಾರ್ಡ್ ಮಾಡುವಾಗ ಮೊದಲ ಎರಡು ಸೆಕೆಂಡ್ ಸುಮ್ಮನಿರಿ. ಆ ಖಾಲಿ ಭಾಗ ಆರಿಸಿ, ಗದ್ದಲ ತಗ್ಗಿಸುವ ನಾಯ್ಸ್ ರಿಡಕ್ಷನ್‌ನಲ್ಲಿ ‘ಗೆಟ್ ನಾಯ್ಸ್ ಪ್ರೊಫೈಲ್’ ಒತ್ತಿ. ಆಮೇಲೆ ಪೂರ್ತಿ ಆರಿಸಿ ಅದೇ ಕಿಟಕಿ ಮತ್ತೆ ತೆರೆಯಿರಿ. ಅಲ್ಲಿ ಗದ್ದಲ ಎಷ್ಟು ತಗ್ಗಬೇಕೆಂಬುದನ್ನು 6ರಿಂದ 9 ಡೆಸಿಬೆಲ್ ಒಳಗೇ ಇಡಿ. 20ರ ಮೇಲೆ ಹೋದರೆ ಫ್ಯಾನಿನ ಜೊತೆ ಅಕ್ಷರವೂ ಹೋಗುತ್ತದೆ: ಸ, ಶ, ಹ ಇವೆಲ್ಲ ಉಸಿರಿನ ಸದ್ದೇ, ಫ್ಯಾನಿನ ಗಾಳಿಗೂ ಇವಕ್ಕೂ ತಂತ್ರಾಂಶಕ್ಕೆ ಹೆಚ್ಚು ಭೇದ ಕಾಣದು. ‘ಹಾಲು’ ಕೇಳುವವರಿಗೆ ‘ಆಲು’ ಆಗುತ್ತದೆ. ಉಚ್ಚಾರಕ್ಕೆ ಅಂಕ ಕೊಡುವವರು ತಪ್ಪು ಮಗುವಿನದೋ ಯಂತ್ರದ್ದೋ ಎಂದು ಮೂಲ ಕಡತ ಕೇಳಿಯೇ ತೀರ್ಮಾನಿಸಬೇಕು.

ಕೊನೆಗೆ ಮೋನೋದಲ್ಲಿ 64 ಕೆಬಿಪಿಎಸ್ ಎಂಪಿ3 ಆಗಿ ಎಕ್ಸ್‌ಪೋರ್ಟ್ ಮಾಡಿ. ನಿಮಿಷಕ್ಕೆ ಅರ್ಧ ಎಂಬಿಯೊಳಗೆ ಮುಗಿಯುತ್ತದೆ, ಅದೇ ಸ್ಟೀರಿಯೋ ವೇವ್ ಆದರೆ 10 ಎಂಬಿ ದಾಟುತ್ತದೆ. ಬರಿ ‘ಸೇವ್’ ಒತ್ತಿದರೆ ಸಿಗುವುದು ಎಯುಪಿ3 ಪ್ರಾಜೆಕ್ಟ್ ಕಡತ. ಅದನ್ನು ಗುಂಪಿಗೆ ಹಾಕಿ ‘ಯಾಕ್ರೀ ಸರ್, ಓಪನ್ನೇ ಆಗವಲ್ದು’ ಅನ್ನಿಸಿಕೊಳ್ಳುವವರು ಬಹಳ.

ಆಡಾಸಿಟಿಯ ದೊಡ್ಡ ಕಿರಿಕಿರಿ ಎಂ4ಎ ಎಂಬ ಧ್ವನಿ ಕಡತ. ಎಷ್ಟೋ ಫೋನ್ ರೆಕಾರ್ಡರ್‌ಗಳು ಇದೇ ರೂಪದಲ್ಲಿ ಉಳಿಸುತ್ತವೆ. ವಿಂಡೋಸ್‌ನಲ್ಲಿ ಎಫ್‌ಎಫ್‌ಎಂಪೆಗ್ ಎಂಬ ಸಹಾಯಕ ತಂತ್ರಾಂಶ ಬೇರೆಯಾಗಿ ಹಾಕದಿದ್ದರೆ ಅದು ತೆರೆಯುವುದಿಲ್ಲ. ಆಗ ಆಡಿಯೋಮಾಸ್ ಉಪಯೋಗಕ್ಕೆ ಬರುತ್ತದೆ: ಕ್ರೋಮ್‌ನಲ್ಲಿ ಕಡತ ಎಳೆದು ಹಾಕಿ, ತುದಿ ಕತ್ತರಿಸಿ, ಎಂಪಿ3 ತೆಗೆದುಕೊಳ್ಳಿ. ಧ್ವನಿ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಎಲ್ಲಿಗೂ ಅಪ್‌ಲೋಡ್ ಆಗುವುದಿಲ್ಲ. ಉದ್ದದ ಕಡತಕ್ಕೆ ಇದು ತಕ್ಕುದಲ್ಲ. ಬ್ರೌಸರ್ ಸ್ಟೀರಿಯೋ ಧ್ವನಿ ಬಿಚ್ಚಿದಾಗ ನಿಮಿಷಕ್ಕೆ 20 ಎಂಬಿಗೂ ಹೆಚ್ಚು ಮೆಮೊರಿ ಹಿಡಿಯುತ್ತದೆ. ಅರ್ಧ ಗಂಟೆಯ ಭಾಷಣ ಹಾಕಿದರೆ ಶಾಲೆಯ ಹಳೆ ಕಂಪ್ಯೂಟರ್ ಅಲ್ಲೇ ನಿಂತುಬಿಡುತ್ತದೆ.

ಗೂಗಲ್‌ನ ಕ್ರೋಮ್ ಮ್ಯೂಸಿಕ್ ಲ್ಯಾಬ್‌ನಲ್ಲಿರುವ ಸ್ಪೆಕ್ಟ್ರೋಗ್ರಾಮ್ (ಧ್ವನಿಯನ್ನು ಬಣ್ಣದ ಚಿತ್ರವಾಗಿ ತೋರಿಸುವ ಪುಟ) ಸಹ ನೋಡಿ. ಮೈಕ್ ಮುಂದೆ ‘ಸ್ಸ್’ ಎಂದರೆ ಬಣ್ಣ ಮೇಲುಗಡೆ ಏಳುತ್ತದೆ, ‘ಶ್ಶ್’ ಎಂದರೆ ಕೆಳಗಿಳಿಯುತ್ತದೆ. ಸಿರುಗುಪ್ಪ, ಸಿಂಧನೂರು ಕ್ಯಾಂಪುಗಳಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳಿರಲಿ, ಕನ್ನಡವೇ ಆಡುವವರಿರಲಿ, ಸ-ಶ ಭೇದ ಕಣ್ಣಿಗೇ ಕಾಣುತ್ತದೆ. ಶಬ್ದದ ಪಾಠಕ್ಕೂ ಆಯಿತು.

ವೊಕಾರೂ ಲಿಂಕ್ ಸಿಕ್ಕವರೆಲ್ಲ ಆ ಧ್ವನಿ ಕೇಳಬಹುದು. ಮಕ್ಕಳ ಹೆಸರು, ಊರು, ತರಗತಿ ಹೇಳಿಸದೆ ಕ್ರಮಸಂಖ್ಯೆ ಮಾತ್ರ ಹೇಳಿಸಿ.