ಎರ್ಬಿಯಂ ಫೈಬರ್ ಕೋಂಬ್: ವರ್ಷಗಟ್ಟಲೆ ಬಳಸಿದ ಮೇಲೆ

ನಾನಿರುವುದು ಜರ್ಮನಿಯ ಒಂದು ಅಯಾನ್ ಟ್ರ್ಯಾಪ್ ಲ್ಯಾಬ್‌ನಲ್ಲಿ, ಅಂದರೆ ಅಯಾನ್‌ಗಳನ್ನು (ವಿದ್ಯುದಾವೇಶದ ಪರಮಾಣುಗಳನ್ನು) ಹಿಡಿದಿಟ್ಟು ಅಳೆಯುವ ಕಡೆ. ಊರ ಕಡೆ ಹೊಸ ಲ್ಯಾಬ್ ಕಟ್ಟುತ್ತಿರುವ ಗೆಳೆಯರು ಆಗಾಗ ಕೇಳುತ್ತಾರೆ: "ಫ್ರೀಕ್ವೆನ್ಸಿ ಕೋಂಬ್ ತಗೋಬಹುದಾ?" ಬೆಳಕಿನ ಆವರ್ತನ ಅಳೆಯುವ ಲೇಸರ್ ಪೆಟ್ಟಿಗೆ ಇದು. ಕಂಪನಿ ಹೆಸರು ಬೇಡ. ನಮ್ಮದು 250 ಮೆಗಾಹರ್ಟ್ಸ್‌ನ ಎರ್ಬಿಯಂ ಫೈಬರ್ ಮಾದರಿ. ಪೆಟ್ಟಿಗೆ ಚೆನ್ನಾಗಿದೆ, 5ಕ್ಕೆ 4 ಕೊಡ್ತೀನಿ. ಆದರೆ ಪೆಟ್ಟಿಗೆಯ ಸುತ್ತ ಏನೇನು ಬೇಕು ಅಂತ ಮೊದಲೇ ಲೆಕ್ಕ ಹಾಕಿ.

ನಾವು ಅಳೆಯುವುದು ಒಂದೇ ಒಂದು ಕ್ಯಾಲ್ಸಿಯಂ ಅಯಾನನ್ನು. 397 ನ್ಯಾನೋಮೀಟರ್ ಲೇಸರಿನಿಂದ ಅದನ್ನು ತಣ್ಣಗಾಗಿಸಿ, 729ರ ಕೆಂಪು ಲೇಸರಿನಿಂದ ಅದರ ಸಣ್ಣ ಗೆರೆಯನ್ನು (ಅದು ಬೆಳಕು ಹೀರುವ ಆವರ್ತನವನ್ನು) ಹುಡುಕುತ್ತೇವೆ. ಆ ಗೆರೆ ಇರುವುದು ಸುಮಾರು 411 ಟೆರಾಹರ್ಟ್ಸ್‌ನಲ್ಲಿ. ಅದರ ಸಹಜ ಅಗಲ ಬರೀ 0.14 ಹರ್ಟ್ಸ್. 411 ಟೆರಾಹರ್ಟ್ಸ್‌ನಂಥ ವೇಗವನ್ನು ಯಾವ ಕೌಂಟರೂ ನೇರವಾಗಿ ಎಣಿಸಲಾರದು. ಕೋಂಬ್ ಕೊಡುವುದು ಬಾಚಣಿಗೆಯಂತೆ ಸಮ ಅಂತರದ (ನಮ್ಮದರಲ್ಲಿ 250 ಮೆಗಾಹರ್ಟ್ಸ್‌ಗೊಂದು) ಲಕ್ಷಾಂತರ ಹಲ್ಲುಗಳ, ಅಂದರೆ ಆವರ್ತನಗಳ, ಬೆಳಕು. ನಮ್ಮ ಲೇಸರಿಗೆ ಹತ್ತಿರ ಬರುವುದು ಸುಮಾರು 16 ಲಕ್ಷ 44 ಸಾವಿರದನೆಯ ಹಲ್ಲು. ಎರಡನ್ನೂ ಫೋಟೋಡಯೋಡ್ ಮೇಲೆ ಬೆರೆಸಿ, ಬರುವ ಬೀಟನ್ನು (ಎರಡರ ಆವರ್ತನದ ವ್ಯತ್ಯಾಸವನ್ನು) ಎಣಿಸಿದರೆ ಆಯ್ತು. ಹಿಂದೆ ಇದಕ್ಕೆ ಕೋಣೆ ತುಂಬುವಷ್ಟು ಲೇಸರ್‌ಗಳ ಸರಪಳಿ ಬೇಕಿತ್ತು. ಕೋಂಬ್ ತಂತ್ರ ಬೆಳೆಸಿದ ಹೆನ್ಶ್ ಮತ್ತು ಹಾಲ್ ಅವರಿಗೆ 2005ರ ನೊಬೆಲ್ ಸುಮ್ನೆ ಬಂದಿದ್ದಲ್ಲ.

ಮೆಚ್ಚಿದ್ದು ಇದರ ಸ್ಥಿರತೆ. ಹಳೆಯ ಬಗೆಯ ಟೈಟಾನಿಯಂ ಸಫೈರ್ ಕೋಂಬ್ ಬಳಸಿದವರಿಗೆ ಗೊತ್ತು, ಬೆಳಿಗ್ಗೆ ಎದ್ದು ಕನ್ನಡಿ ತಿರುಗಿಸುವುದೇ ಒಂದು ಕೆಲಸ. ಇದು ಬಟನ್ ಒತ್ತಿದರೆ ಮೋಡ್‌ಲಾಕ್ ಆಗುತ್ತದೆ (ಹಲ್ಲುಗಳೆಲ್ಲ ಒಂದೇ ತಾಳಕ್ಕೆ ಬರುತ್ತವೆ), ರಾತ್ರಿಯಿಡೀ ಲಾಕ್‌ನಲ್ಲೇ ಇರುತ್ತದೆ.

ತಲೆನೋವು 729ರ ಔಟ್‌ಪುಟ್. ಎರ್ಬಿಯಂ ಬೆಳಕು ಹುಟ್ಟುವುದು 1560ರ ಸುತ್ತಮುತ್ತ. ಅದನ್ನು ವಿಶೇಷ ಫೈಬರ್‌ನಲ್ಲಿ 1458ಕ್ಕೆ ಸರಿಸಿ, ಆಮೇಲೆ ಕ್ರಿಸ್ಟಲ್‌ನಲ್ಲಿ ಆವರ್ತನ ಇಮ್ಮಡಿ ಮಾಡಬೇಕು. ಇಷ್ಟೆಲ್ಲ ಆದಮೇಲೆ ಒಂದು ಹಲ್ಲಿಗೆ ಉಳಿಯುವುದು ನ್ಯಾನೋವ್ಯಾಟ್ ಲೆಕ್ಕದ ಬೆಳಕು. ಕೋಣೆಯ ಎಸಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ಪೋಲರೈಸೇಶನ್ (ಬೆಳಕಿನ ಕಂಪನದ ದಿಕ್ಕು) ಜಾರಿ ಬೀಟ್ ಕುಗ್ಗುತ್ತದೆ. ಬೀಟ್ ಗದ್ದಲಕ್ಕಿಂತ ಕನಿಷ್ಠ 30 ಡಿಬಿ ಮೇಲಿರದಿದ್ದರೆ ಕೌಂಟರ್ ಎಣಿಕೆ ತಪ್ಪುತ್ತದೆ, ಅದೂ ಸದ್ದಿಲ್ಲದೆ. ಅದಕ್ಕೆ ಒಂದೇ ಬೀಟನ್ನು ಬೇರೆ ಬೇರೆ ಫಿಲ್ಟರ್ ಹಾಕಿ ಎರಡು ಕೌಂಟರ್‌ಗೆ ಕೊಡಿ. ಎರಡೂ ಒಪ್ಪದ ಅಳತೆಯನ್ನು ಎಸೆಯಿರಿ. ಎರಡನೇ ಕೌಂಟರ್ ದಂಡ ಅನ್ನಿಸಬಹುದು, ಆದರೂ ಕೊಳ್ಳಿ.

ಅದಕ್ಕಿಂತ ದೊಡ್ಡ ಮಾತು ರೆಫರೆನ್ಸ್‌ನದು, ಅಂದರೆ ಕೋಂಬ್‌ಗೆ ತಾಳ ಕೊಡುವ ಗಡಿಯಾರದ್ದು. ಕೋಂಬ್‌ಗೆ ತನ್ನದೇ ಆದ ನಿಖರತೆ ಅಂತ ಏನೂ ಇಲ್ಲ. ಕೊಟ್ಟ 10 ಮೆಗಾಹರ್ಟ್ಸ್ ಸಂಕೇತ ಎಷ್ಟು ಚೆನ್ನಾಗಿದೆಯೋ ಅದೂ ಅಷ್ಟೇ ಚೆನ್ನಾಗಿರುತ್ತದೆ. ಹೈಡ್ರೋಜನ್ ಮೇಸರ್ (ಒಂದು ಬಗೆಯ ಪರಮಾಣು ಗಡಿಯಾರ) ಒಂದು ಸೆಕೆಂಡಿನಲ್ಲಿ 10 ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು ಅಲುಗುತ್ತದೆ ಅಂದುಕೊಳ್ಳಿ. 411 ಟೆರಾಹರ್ಟ್ಸ್‌ನಲ್ಲಿ ಅದು 40 ಹರ್ಟ್ಸ್! ಅಯಾನ್ ಗೆರೆ ಹರ್ಟ್ಸ್‌ಗಿಂತ ಸಣ್ಣದು, ಅಳತೆಗೋಲು ಇಷ್ಟು ದಪ್ಪ. ಗಂಟೆಗಟ್ಟಲೆ ಸರಾಸರಿ ತೆಗೆಯದೆ ಬೇರೆ ದಾರಿಯಿಲ್ಲ. ಜಿಪಿಎಸ್‌ಗೆ ಕಟ್ಟಿದ ಕ್ವಾರ್ಟ್ಜ್ ಆದರೆ ಇನ್ನೂ ಕಷ್ಟ.

ಹಾಗಾದರೆ ಇಷ್ಟು ದುಡ್ಡು ಯಾಕೆ? ಎರಡು ಬೇರೆ ಬೇರೆ ಅಯಾನ್‌ಗಳನ್ನು ಹೋಲಿಸುವಾಗ ಇದರ ನಿಜವಾದ ಬೆಲೆ ಗೊತ್ತಾಗುತ್ತದೆ. ಕೋಂಬನ್ನು ಸ್ಥಿರವಾದ ಲೇಸರ್‌ಗೇ ಲಾಕ್ ಮಾಡಿ, ಎರಡು ಆವರ್ತನಗಳ ಅನುಪಾತ ಅಳೆದರೆ ಮೇಸರ್‌ನ ಹಂಗೇ ಇಲ್ಲ. ಅಮೆರಿಕದ ಬೋಲ್ಡರ್‌ನಲ್ಲಿರುವ ಮಾಪನ ಸಂಸ್ಥೆ ಎನ್‌ಐಎಸ್‌ಟಿ 2008ರಲ್ಲಿ ಅಲ್ಯೂಮಿನಿಯಂ ಮತ್ತು ಪಾದರಸದ ಅಯಾನ್‌ಗಳ ಅನುಪಾತವನ್ನು ಹೀಗೇ 17ನೇ ದಶಮಾಂಶದ ಹತ್ತಿರದವರೆಗೆ ಅಳೆಯಿತು.

ನಿಮ್ಮಲ್ಲಿ ಒಂದೇ ಬಗೆಯ ಅಯಾನ್ ಇದ್ದು, ಕ್ಯೂಬಿಟ್ (ಕ್ವಾಂಟಂ ಕಂಪ್ಯೂಟರ್) ಕೆಲಸ ಮಾತ್ರ ಮಾಡುವುದಾದರೆ ಕೋಂಬ್ ಬೇಡ. ಲೇಸರನ್ನು ಸ್ಥಿರವಾಗಿಡುವ ಒಳ್ಳೆಯ ಕ್ಯಾವಿಟಿ, ತರಂಗಾಂತರ ಅಳೆಯುವ ಒಂದು ವೇವ್‌ಮೀಟರ್ ಸಾಕು. ಗಡಿಯಾರ ಕಟ್ಟುವವರು ಧೈರ್ಯವಾಗಿ ಕೊಳ್ಳಿ. ಆದರೆ ಆರ್ಡರ್ ಕೊಡುವಾಗ, ನಿಮ್ಮದೇ 729 ಲೇಸರ್ ಜೊತೆ 100 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್‌ನಲ್ಲಿ ಕನಿಷ್ಠ 35 ಡಿಬಿ ಬೀಟ್ ತೋರಿಸಬೇಕು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ಅವರ ಫ್ಯಾಕ್ಟರಿಯ ಲೇಸರ್ ಜೊತೆ ತೋರಿಸಿದ ಅಂಕಿಯನ್ನು ಒಪ್ಪಬೇಡಿ.